ಕೀಲ್ ಪುರಾಣ

ಇಂಗ್ಲೆಂಡಿನಲ್ಲಿರುವ ನನ್ನ ತಮ್ಮ, ಹಳೆಯದೊಂದು ಸಣ್ಣ ಹಾಯಿದೋಣಿ ಕೊಳ್ಳಲು ಹೊರಟಿದ್ದಾನೆ. ನಿನ್ನೆ ರಾತ್ರಿ ಫೋನಿನಲ್ಲಿ ಒಂದು ಗಂಟೆ ಬರೀ ಕೀಲ್ ಪುರಾಣ. ದೋಣಿಯ ತಳದಿಂದ ನೀರಿಗೆ ಇಳಿದಿರುವ ಭಾರವಾದ ಅಲಗೇ ಕೀಲ್. ಗಾಳಿ ಪಕ್ಕದಿಂದ ತಳ್ಳಿದಾಗ ದೋಣಿ ಮಗುಚದಂತೆ, ಅಡ್ಡಕ್ಕೆ ಜಾರದಂತೆ ಹಿಡಿದಿಡುತ್ತದೆ. ಆಳವಾದ ಒಂಟಿ ಕೀಲಿನದು ಗಾಳಿಗೆ ಎದುರಾಗಿ ಚೆನ್ನಾಗಿ ಸಾಗುತ್ತದೆ. ಆದರೆ ಅವನು ದೋಣಿ ಕಟ್ಟಿ ನಿಲ್ಲಿಸುವುದು ಅಳಿವೆಯಲ್ಲಿ; ಇಳಿತ ಬಂದರೆ ಅದು ಕೆಸರಿನಲ್ಲಿ ಮಗ್ಗುಲಿಗೆ ಮಲಗಿಬಿಡುತ್ತದೆ. ಜೋಡಿ ಕೀಲಿನದು ತುಸು ನಿಧಾನ, ಆದರೆ ನೀರು ಹೋದ ಮೇಲೂ ಎಮ್ಮೆಯಂತೆ ನಿಂತಿರುತ್ತದೆ. ‘ಜೋಡಿಯದನ್ನೇ ತೆಗೆದುಕೋ, ಕೀಲ್ ಬಿಗಿದಿರುವ ಬೋಲ್ಟುಗಳ ತುಕ್ಕು ಮೊದಲು ನೋಡು’ ಎಂದೆ. ಸಮುದ್ರವನ್ನು ಎರಡೇ ಸಲ ಕಂಡವನ ಸಲಹೆ!

ಬೆಳಿಗ್ಗೆ ಆನೆಗೊಂದಿಯಲ್ಲಿ ಹರಿಗೋಲು ಹತ್ತುವಾಗ ಮೊದಲ ಬಾರಿಗೆ ಅದರ ತಳ ನೋಡಿದೆ. ಬಿದಿರಿನ ಬುಟ್ಟಿ, ಕೀಲೇ ಇಲ್ಲ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇವು ನೇರವಾಗಿ ಹೋಗಲಾರವು, ಸುತ್ತುತ್ತಲೇ ಇರುತ್ತವೆ ಎಂದು ಬರೆದಿಟ್ಟಿದ್ದಾನೆ. ಇಂದೂ ಸುತ್ತಿತು. ಆದರೆ ಬಂಡೆಗಳ ನಡುವಿನ ಮೊಣಕಾಲುದ್ದ ನೀರಿನಲ್ಲೂ ತಳ ತಾಗಲಿಲ್ಲ.

‘ಹಳೆಯ ಹರಿಗೋಲು ಕೊಳ್ಳುವಾಗ ಏನು ನೋಡಬೇಕು ಅಣ್ಣಾ?’ ಎಂದು ಅಂಬಿಗರನ್ನು ಕೇಳಿದೆ.

‘ಹಳೆಯದನ್ನು ಯಾರು ಕೊಳ್ಳುತ್ತಾರೆ?’ ಎಂದು ಹುಟ್ಟು ಹಾಕಿದರು.