ಅಮ್ಮನ ಕಣ್ಣಿಗೆ ಬಿದ್ದ ಜರಿ ಅಂಚು

ಹೊಸ 43 ಇಂಚಿನ ಟಿವಿ ಬಂದ ವಾರವೇ ಎಚ್‌ಡಿ, ಅಂದರೆ ಹೆಚ್ಚು ಸ್ಪಷ್ಟ ಚಿತ್ರದ ಚಾನೆಲ್‌ಗಳ ಪ್ಯಾಕ್ ಹಾಕಿಸಿದ್ದೆ. ಭಾನುವಾರ ಮಧ್ಯಾಹ್ನ ಅಮ್ಮ ತನಗಿಷ್ಟದ ಹಳೇ ಧಾರಾವಾಹಿಯ ಮರುಪ್ರಸಾರ ನೋಡುತ್ತಾ ಕೂತಿದ್ದಳು.

"ಇದೇನೋ, ಸೀರೆ ಅಂಚಲ್ಲಿ ಜರಿನೇ ಕಾಣಿಸ್ತಿಲ್ಲ. ಬರೀ ಹಳದಿ ಪಟ್ಟಿ ಬಳಿದಂಗಿದೆ" ಅಂದಳು.

ಅಮ್ಮ ಮೂವತ್ತು ವರ್ಷದಿಂದ ಸೀರೆಗೆ ಕುಚ್ಚು ಕಟ್ಟುವವಳು. ಅಂಚಿನ ವಿಷಯದಲ್ಲಿ ಅವಳ ಕಣ್ಣು ತಪ್ಪೋದಿಲ್ಲ. ನಾನು ಇನ್ಫೋ ಬಟನ್ ಒತ್ತಿದೆ. 1080 ಅಂತ ಬಂತು. "ಎಚ್‌ಡಿನೇ ಬರ್ತಿದೆ ಅಮ್ಮ" ಅಂದೆ. ಅಷ್ಟರಲ್ಲಿ ಬಟ್ಟೆ ಅಂಗಡಿಯ ಜಾಹೀರಾತು ಬಂತು. ರೇಷ್ಮೆ ಸೀರೆಯ ಜರಿ ಎಳೆಎಳೆಯಾಗಿ ಹೊಳೆಯಿತು! ಧಾರಾವಾಹಿ ಮತ್ತೆ ಶುರುವಾದ ಕೂಡಲೇ ಎಲ್ಲ ಕಲಸಿಹೋಯಿತು. ಟಿವಿ ಅದೇ, ಚಾನೆಲ್ಲೂ ಅದೇ.

ಆಗ ನನಗೆ ಹೊಳೆಯಿತು. ಆ 1080 ಅನ್ನೋದು ಸೆಟ್ ಟಾಪ್ ಬಾಕ್ಸ್ ಎಷ್ಟು ದೊಡ್ಡ ಚಿತ್ರ ಕಳಿಸುತ್ತಿದೆ ಅಂತ ಮಾತ್ರ ಹೇಳುತ್ತದೆ. ಚಿತ್ರ ಎಲ್ಲಿಂದ ಬಂತು ಅಂತ ಹೇಳೋದಿಲ್ಲ. ಹಳೇ ಎಸ್‌ಡಿ, ಅಂದರೆ ಎಚ್‌ಡಿಗಿಂತ ಮೊದಲಿನ ಸಾಮಾನ್ಯ ಟಿವಿ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿ. ಒಟ್ಟು ನಾಲ್ಕು ಲಕ್ಷಕ್ಕೆ ಸ್ವಲ್ಪ ಜಾಸ್ತಿ. 1920ಕ್ಕೆ 1080ರ ಎಚ್‌ಡಿಯಲ್ಲಿ ಇಪ್ಪತ್ತು ಲಕ್ಷ ದಾಟುತ್ತದೆ. ಹಳೇದನ್ನು ಎಚ್‌ಡಿ ಅಳತೆಗೆ ಹಿಗ್ಗಿಸುವಾಗ ನಡುವಿನ ಚುಕ್ಕಿಗಳನ್ನು ಯಂತ್ರ ಅಕ್ಕಪಕ್ಕದ ಬಣ್ಣ ನೋಡಿ ಅಂದಾಜಲ್ಲಿ ತುಂಬುತ್ತದೆ. ಧಾರಾವಾಹಿ ತೆಗೆದ ಹಳೇ ವಿಡಿಯೊ ಟೇಪಿಗೆ ಸಿಗದ ಜರಿ ಎಳೆ ಹಾಗೆ ವಾಪಸ್ ಬರೋದಿಲ್ಲ.

ಆಮೇಲೆ ಹೀಗೆ ಹಿಗ್ಗಿಸಿದ ಚಿತ್ರ ಹುಡುಕೋದೇ ನಮಗೆ ಕೆಲಸವಾಯಿತು. ಮೂಲೆಯಲ್ಲಿದ್ದ ಚಾನೆಲ್ ಲೋಗೊ ಚೂಪಾಗಿದೆ, ಪಕ್ಕದ ಮುಖದಲ್ಲಿ ಕೂದಲು ಒಂದೇ ಮುದ್ದೆ. ಇನ್ನೊಂದು ಕಡೆ ಚೌಕದ ಚಿತ್ರವನ್ನು ಅಗಲಕ್ಕೆ ಎಳೆದಿದ್ದರು. ಗೋಡೆ ಗಡಿಯಾರ ಅಡ್ಡ ಮಲಗಿಸಿದ ಮೊಟ್ಟೆಯ ಹಾಗಿತ್ತು. ಎಚ್‌ಡಿ ಅಂತ ದುಡ್ಡು ತಗೊಂಡ ಮೇಲೆ ಯಾವ ಕಾರ್ಯಕ್ರಮ ನಿಜವಾದ ಎಚ್‌ಡಿ ಅಂತ ನೋಡುಗರಿಗೆ ಹೇಳಬೇಕು. ನಾನಂತೂ ಇದನ್ನು ಗಟ್ಟಿಯಾಗಿಯೇ ಕೇಳುತ್ತೇನೆ.

ಸಂಜೆ ಒಂದು ಕಪ್ಪು ಬಿಳುಪು ಸಿನಿಮಾ ಹಾಕಿದೆ. ಧಾರಾವಾಹಿಗಿಂತ ಎಷ್ಟೋ ವರ್ಷ ಹಳೇದು, ಇನ್ನೂ ಮಸುಕಾಗಿರುತ್ತೆ ಅಂದುಕೊಂಡಿದ್ದೆ. ಆದರೆ ಚಿತ್ರ ಕಡೆದಿಟ್ಟ ಹಾಗಿತ್ತು. ಸಿನಿಮಾ ತೆಗೆಯುತ್ತಿದ್ದ 35 ಎಂಎಂ ಫಿಲ್ಮ್ ರೀಲಿನಲ್ಲಿ ಟೇಪಿಗಿಂತ ಎಷ್ಟೋ ಜಾಸ್ತಿ ವಿವರ ಇರುತ್ತದೆ. ಅದನ್ನು ಹೊಸದಾಗಿ ಸ್ಕ್ಯಾನ್ ಮಾಡಿದರೆ ಅಪ್ಪಟ ಎಚ್‌ಡಿಯೇ ಸಿಗುತ್ತದೆ. ಅದೇ ಸಿನಿಮಾವನ್ನು ಸವೆದ ವಿಡಿಯೊ ಟೇಪಿನಿಂದ ತೋರಿಸಿದರೆ ಮತ್ತದೇ ಮಸುಕು. ನಮ್ಮ ಎಷ್ಟೋ ಒಳ್ಳೆಯ ಸಿನಿಮಾಗಳನ್ನು ಇವತ್ತಿಗೂ ಹಾಗೆ ನೋಡುತ್ತಿದ್ದೇವಲ್ಲ ಅಂತ ಹೊಟ್ಟೆ ಉರಿಯುತ್ತದೆ. ರೀಲು ಕೆಡುವ ಮೊದಲೇ ಈ ಕೆಲಸ ಆಗಬೇಕು.

ಅಮ್ಮ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. "ಇಳಕಲ್ ಸೀರೆ ಅಲ್ವಾ ಇದು?" ಅಂದಳು. ನಾಯಕಿ ನೀರಿನ ಕೊಡ ಇಳಿಸಿ ತಿರುಗಿದಳು. ಸೆರಗಿನ ಹಲ್ಲು ಹಲ್ಲಾದ ತೆನೆ ಒಂದೊಂದೂ ಬೇರೆಯಾಗಿ ಕಾಣಿಸಿತು. ಅಮ್ಮ ಪರದೆಯ ಹತ್ತಿರ ಬೆರಳು ಹಿಡಿದು ಎಣಿಸತೊಡಗಿದಳು.