ಟಾಮ್‌ನ ಬೆರಳುಗಳು

1947ರಲ್ಲಿ ತೆರೆಗೆ ಬಂದ ಟಾಮ್ ಅಂಡ್ ಜೆರ್ರಿ ಕಾರ್ಟೂನು 'ದಿ ಕ್ಯಾಟ್ ಕನ್ಸರ್ಟೊ'ದಲ್ಲಿ ಮಾತಿಲ್ಲ. ಕರಿಕೋಟು ತೊಟ್ಟ ಟಾಮ್ ಗಂಭೀರವಾಗಿ ಬಂದು ಸಂಗೀತ ಸಂಯೋಜಕ ಲಿಸ್ಟ್‌ನ ಪಿಯಾನೋ ಕೃತಿ, ಎರಡನೆಯ ಹಂಗೇರಿಯನ್ ರಾಪ್ಸಡಿ ನುಡಿಸಲು ಕೂರುತ್ತಾನೆ. ಪಿಯಾನೋದೊಳಗೆ ಮಲಗಿದ್ದ ಜೆರ್ರಿಯ ನಿದ್ದೆ ಕೆಡುತ್ತದೆ. ಜಗಳ ಎಷ್ಟೇ ಜೋರಾದರೂ ಟಾಮ್ ನುಡಿಸುವುದನ್ನು ಬಿಡುವುದಿಲ್ಲ, ಕೈ ಬಿಡುವಿಲ್ಲದಾಗ ಕಾಲಿನಿಂದಲಾದರೂ ಸರಿ.

ಮೊನ್ನೆ ಭಾನುವಾರ ಇದನ್ನು ನೋಡುತ್ತಿದ್ದಾಗ, ಪಿಯಾನೋ ಕಲಿಯುತ್ತಿರುವ ಅಕ್ಕನ ಮಗಳು ತಟ್ಟನೆ ಚಿತ್ರ ನಿಲ್ಲಿಸಿ, "ಮಾವ, ಟಾಮ್ ನಿಜವಾಗಿಯೂ ನುಡಿಸುತ್ತಿದ್ದಾನೆ, ಬೆರಳು ನೋಡು" ಎಂದಳು. ಹಿಂದಕ್ಕೆ ಸರಿಸಿ, ವೇಗ ತಗ್ಗಿಸಿ ನೋಡಿದೆವು. ಸ್ವರ ಏರಿದಾಗ ಕೈ ಬಲಕ್ಕೆ ಹರಿಯುತ್ತದೆ, ಇಳಿದಾಗ ಎಡಕ್ಕೆ. ಅವಳು ಮೇಜಿನ ಮೇಲೆ ತನ್ನ ಬೆರಳುಗಳನ್ನಿಟ್ಟು ಟಾಮ್‌ನ ಜೊತೆ ಒತ್ತತೊಡಗಿದಳು.

ಇಂಥ ಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು. ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ಪಾರದರ್ಶಕ ಹಾಳೆಯ ಮೇಲೆ ಶಾಯಿಯಿಂದ ತಿದ್ದಿ, ಹಿಂಬದಿಯಿಂದ ಬಣ್ಣ ತುಂಬಿ, ಒಂದೊಂದಾಗಿ ಕ್ಯಾಮೆರಾದ ಕೆಳಗಿಡಬೇಕು. ವಿಲಿಯಂ ಹ್ಯಾನಾ, ಜೋಸೆಫ್ ಬಾರ್ಬೆರಾ ನಿರ್ದೇಶನ, ಸ್ಕಾಟ್ ಬ್ರಾಡ್ಲಿ ಸಂಗೀತ ಎಂದು ಪರದೆಯ ಮೇಲೆ ಬರುತ್ತದೆ. ಶಾಯಿ, ಬಣ್ಣ ಹಚ್ಚಿದವರ ಹೆಸರಿಲ್ಲ. ಚಿತ್ರಕ್ಕೆ ಆಸ್ಕರ್ ಬಂದಿತು. ಆ ಪ್ರಶಸ್ತಿ ಹ್ಯಾನಾ, ಬಾರ್ಬೆರಾ ಅವರ ಕೈಗೂ ಸಿಗಲಿಲ್ಲ, ನಿರ್ಮಾಪಕ ಫ್ರೆಡ್ ಕ್ವಿಂಬಿ ಪಾಲಾಯಿತು. ಇದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ. ಹಳೆಯ ಚಿತ್ರಗಳನ್ನೇ ಮತ್ತೆ ಬಿಡುಗಡೆ ಮಾಡಿದರೂ ಹೆಚ್ಚುಕಡಿಮೆ ಅಷ್ಟೇ ಹಣ ಬರುತ್ತದೆಂದು ಲೆಕ್ಕ ಹಾಕಿ, ಇದನ್ನು ತಯಾರಿಸಿದ ಎಂಜಿಎಂ ಸ್ಟುಡಿಯೋ ತನ್ನ ಕಾರ್ಟೂನ್ ವಿಭಾಗವನ್ನೇ 1957ರಲ್ಲಿ ಮುಚ್ಚಿತು. ಆಮೇಲೆ ಇದೇ ಹ್ಯಾನಾ, ಬಾರ್ಬೆರಾ ಟಿವಿಗಾಗಿ ಮಾಡಿದ ಕಾರ್ಟೂನುಗಳಲ್ಲಿ ಎಷ್ಟೋ ಸಲ ಅಲುಗುವುದು ಬಾಯಿ ಮಾತ್ರ. ಅಷ್ಟು ಕಡಿಮೆ ದುಡ್ಡಿನಲ್ಲಿ ಇಂಥ ಬೆರಳುಗಳನ್ನು ಯಾರು ಬರೆಯಬಲ್ಲರು?

ವಾರ್ನರ್ ಬ್ರದರ್ಸ್‌ನಲ್ಲಿ ಫ್ರಿಜ್ ಫ್ರೆಲೆಂಗ್ 1946ರಲ್ಲಿ ಮಾಡಿದ 'ರಾಪ್ಸಡಿ ರ‍್ಯಾಬಿಟ್' ಕೂಡ ಹಾಕಿದೆ. ಅದೇ ಲಿಸ್ಟ್, ಅಲ್ಲಿಯೂ ಪಿಯಾನೋದೊಳಗೊಂದು ಇಲಿ. ನುಡಿಸುವವನು ಮಾತ್ರ ಬಗ್ಸ್ ಬನ್ನಿ ಎಂಬ ಮೊಲ. ಯಾರು ಯಾರದನ್ನು ಕದ್ದರೆಂದು ಆಗಲೇ ಎರಡು ಸ್ಟುಡಿಯೋಗಳ ನಡುವೆ ಜಗಳವಾಗಿತ್ತು. ನಮ್ಮ ಮನೆಯಲ್ಲಿ ಆದ ಜಗಳ ಬೇರೆ: ಇಬ್ಬರಲ್ಲಿ ಚೆನ್ನಾಗಿ ನುಡಿಸಿದವರು ಯಾರು? ಅವಳು ಬಗ್ಸ್ ಎಂದಳು, ಅವನಿಗೆ ಹೆದರಿಕೆಯೇ ಇಲ್ಲವಂತೆ. ನಾನು ಟಾಮ್ ಪಕ್ಷ. ಇಲಿಬೋನಿಗೆ ಬೆರಳು ಸಿಕ್ಕಿಕೊಂಡ ಮೇಲೂ ನುಡಿಸುತ್ತಲೇ ಇರುವವನನ್ನು ಬಿಟ್ಟು ನಾನು ಬೇರೆ ಯಾರನ್ನು ಹಿಡಿಯಲಿ?