ಕಡಲ್ಗಳ್ಳನಾದ ‘ಆರ್’

ಮಗಳಿಗೆ ನಾಲ್ಕು ವರ್ಷವಿದ್ದಾಗ ಇಂಗ್ಲಿಷಿನ ಮೂರಕ್ಷರದ ಪದಗಳನ್ನು ಓದಿಸಲು ಕುಳಿತಿದ್ದೆ. ಇಲಿಯ ಚಿತ್ರದ ಕೆಳಗಿದ್ದ ‘ರ್ಯಾಟ್’ ಪದವನ್ನು ಅವಳು ‘ರ, ಆ, ಟ’ ಎಂದು ಬಿಡಿಸಿ, ‘ರಆಟ’ ಎಂದು ಕೂಡಿಸಿ, ಇಲಿ ಎಲ್ಲಿ ಹೋಯಿತೆಂದು ತಿಳಿಯದೆ ನನ್ನ ಮುಖ ನೋಡಿದಳು. ಹಾಗೆ ಹೇಳಿಕೊಟ್ಟವಳು ನಾನೇ. ನಮ್ಮ ವರ್ಣಮಾಲೆಯ ‘ರ’ದೊಳಗೆ ‘ಅ’ಕಾರ ಸೇರಿಕೊಂಡೇ ಇರುತ್ತದೆ, ಇಂಗ್ಲಿಷ್ ಪದವನ್ನು ಕೂಡಿಸಲು ಬೇಕಾದದ್ದು ಸ್ವರವಿಲ್ಲದ ‘ರ್’.

ಆ ತೊಡಕನ್ನು ಬಿಡಿಸಿದ್ದು ‘ಆಲ್ಫಾಬ್ಲಾಕ್ಸ್’ ಎಂಬ ಕಾರ್ಟೂನಿನ ಕೆಂಪು ಅಕ್ಷರ. ಲಂಡನ್ನಿನ ಬ್ಲೂ ಝೂ ಸ್ಟುಡಿಯೊ ರೂಪಿಸಿದ ಈ ಸರಣಿ 2010ರಲ್ಲಿ ಬಿಬಿಸಿಯ ಮಕ್ಕಳ ವಾಹಿನಿಯಾದ ಸಿಬೀಬೀಸ್‌ನಲ್ಲಿ ಆರಂಭವಾಯಿತು. ಇದರಲ್ಲಿ 26 ಅಕ್ಷರಗಳೂ ಪಾತ್ರಗಳೇ, ಮತ್ತು ಪ್ರತಿಯೊಂದರ ಸ್ವಭಾವ ಅದರ ಉಚ್ಚಾರದಿಂದಲೇ ಹುಟ್ಟಿದೆ: ‘ಎ’ಯ ತಲೆಯ ಮೇಲೆ ಸೇಬು ಬಿದ್ದಾಗ ಅದು ‘ಆ್ಯ’ ಎನ್ನುತ್ತದೆ, ‘ಎಮ್’ ತಿಂಡಿ ಕಂಡು ‘ಮ್‌ಮ್’ ಎನ್ನುತ್ತದೆ, ‘ಝಡ್’ ನಿದ್ದೆಗೆ ಜಾರುತ್ತದೆ. ‘ಆರ್’ ಕಡಲ್ಗಳ್ಳ, ಕೆಂಪು ಬಣ್ಣದ ನಿಧಿಯ ಆಸೆಯಿಂದ ‘ರ್‌ರ್‌ರ್’ ಎಂದು ಗುಡುಗುತ್ತಾ ಬರುತ್ತದೆ. ಅಕ್ಷರಗಳು ಕೈಕೈ ಹಿಡಿದು ತಮ್ಮ ಧ್ವನಿಗಳನ್ನು ಮೊದಲು ನಿಧಾನವಾಗಿ, ಬಳಿಕ ವೇಗವಾಗಿ ಉಚ್ಚರಿಸಿದಾಗ, ಆ ಪದ ಸೂಚಿಸುವ ವಸ್ತು ಕಣ್ಣೆದುರೇ ಮೂಡುತ್ತದೆ.

ಈ ವೇಷ ಬರಿಯ ಅಲಂಕಾರವಲ್ಲ. ಲಂಡನ್ನಿನ ಕಡೆಯ ಶಿಷ್ಟ ಉಚ್ಚಾರದಲ್ಲಿ ಸ್ವರದ ನಂತರದ ‘ರ್’ ಕೇಳಿಸುವುದಿಲ್ಲ. ‘ಕಾರ್’ ಅಲ್ಲಿ ‘ಕಾ’ ಆಗುತ್ತದೆ, ಅದೇ ರೀತಿ ಈ ಅಕ್ಷರದ ಹೆಸರು ಕೂಡ ‘ಆ’ ಎಂದೇ ಕೇಳಿಸುತ್ತದೆ. ತನ್ನ ಹೆಸರಿನಲ್ಲಿಯೇ ತನ್ನ ಧ್ವನಿಯನ್ನು ಕಳೆದುಕೊಂಡ ಅಕ್ಷರವನ್ನು ಮಗುವಿಗೆ ಕಲಿಸುವುದಾದರೂ ಹೇಗೆ? ಆದರೆ ಇಂಗ್ಲೆಂಡಿನ ನೈಋತ್ಯ ಭಾಗದ ಹಳೆಯ ಆಡುಮಾತಿನಲ್ಲಿ ಆ ‘ರ್’ ಗಟ್ಟಿಯಾಗಿ ಉಳಿದಿತ್ತು. ಡಾರ್ಸೆಟ್‌ನಲ್ಲಿ ಹುಟ್ಟಿದ ನಟ ರಾಬರ್ಟ್ ನ್ಯೂಟನ್ 1950ರ ‘ಟ್ರೆಷರ್ ಐಲೆಂಡ್’ ಚಿತ್ರದಲ್ಲಿ ಲಾಂಗ್ ಜಾನ್ ಸಿಲ್ವರ್ ಪಾತ್ರಕ್ಕೆ ಆ ಆಡುಮಾತನ್ನೇ ಉತ್ಪ್ರೇಕ್ಷಿಸಿ ಬಳಸಿದ ಮೇಲೆ, ಕಡಲ್ಗಳ್ಳರೆಂದರೆ ಹೀಗೆಯೇ ಮಾತನಾಡುವವರೆಂಬ ಕಲ್ಪನೆ ಜನರಲ್ಲಿ ನೆಲೆಯೂರಿತು. ಎಲ್ಲರಿಗೂ ಪರಿಚಿತವಾದ ಆ ಗರ್ಜನೆಯನ್ನೇ ಪಾಠವನ್ನಾಗಿಸಿದ ಜಾಣ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಅಕ್ಷರದ ಹೆಸರಲ್ಲದ, ಸ್ವರ ಬೆರೆಯದ ಇಂಥ ಶುದ್ಧ ಧ್ವನಿಗೆ ಅಲ್ಲಿ ಎಷ್ಟು ಬೆಲೆಯೆಂದರೆ, 2012ರಿಂದ ಇಂಗ್ಲೆಂಡಿನ ಸರ್ಕಾರಿ ಶಾಲೆಗಳ ಒಂದನೆಯ ವರ್ಷದ ಮಕ್ಕಳಿಗೆ 40 ಪದಗಳನ್ನು ಓದಿಸಿ ನೋಡುತ್ತಾರೆ. ಅವುಗಳಲ್ಲಿ ಅರ್ಧದಷ್ಟು ಅರ್ಥವೇ ಇಲ್ಲದ ಕಟ್ಟುಪದಗಳಾದ್ದರಿಂದ ನೆನಪಿನ ಬಲದಿಂದ ಓದಲು ಬರುವುದಿಲ್ಲ.

‘ರ್’ ಎಳೆಯಬಹುದಾದ ವ್ಯಂಜನವಾದ್ದರಿಂದ ಕಡಲ್ಗಳ್ಳನ ಕೂಗು ಉಸಿರಿರುವವರೆಗೂ ಮುಂದುವರಿದು, ಕೊನೆಗೆ ಮುಂದಿನ ಸ್ವರದೊಳಗೆ ತಾನಾಗಿ ಜಾರುತ್ತದೆ. ‘ಪ್’, ‘ಟ್’, ‘ಕ್’ಗಳಿಗೆ ಈ ಸೌಕರ್ಯವಿಲ್ಲ. ಇಂಗ್ಲಿಷಿನ ‘ರ್’ ನಮ್ಮದರಂತೆ ನಾಲಿಗೆಯ ತುದಿ ಬಡಿದು ಹುಟ್ಟುವಂಥದ್ದಲ್ಲ ಎಂಬುದು ನಿಜ, ಆದರೆ ಅಕ್ಷರ ಕೂಡಿಸುವ ವಯಸ್ಸಿನಲ್ಲಿ ಆ ವ್ಯತ್ಯಾಸ ನನ್ನ ಮಗಳಿಗೆ ಅಡ್ಡಿಯಾಗಲಿಲ್ಲ. ಆರೆಂಟು ದಿನಗಳಲ್ಲಿ ಅವಳು ‘ರ್‌ರ್‌ರ್ಯಾಟ್’ ಎಂದು ಎಳೆದು ಓದಿ, ಇಲಿಯ ಚಿತ್ರದ ಮೇಲೆ ಬೆರಳಿಟ್ಟಳು.

ಮುಂದಿನ ವರ್ಷ ಕನ್ನಡದ ಕಾಗುಣಿತ ಹೇಳಿಕೊಡುವಾಗ ನಾನು ‘ರ’ದಿಂದ ಆರಂಭಿಸದೆ ‘ರ್’ನಿಂದಲೇ ಆರಂಭಿಸಿದೆ. ಅವಳು ಒಂದು ಕಣ್ಣು ಮುಚ್ಚಿಕೊಂಡು ‘ರ್‌ರ್‌ರ್‌...ಈ’ ಎಂದು ಗುಡುಗಿ, ಸ್ಲೇಟಿನ ತುಂಬ ದೊಡ್ಡದಾಗಿ ‘ರೀ’ ಬರೆದಳು.